ನಾಲೆ ಏರಿಗೆ 43ರ ಟೈರು: ಗ್ರಾವೆಲ್‌ಕಿಂಗ್ ಎಸ್‌ಕೆ ಹೇಗಿದೆ?

ಬೆಂಗಳೂರಿನ ಸುತ್ತ ಮಣ್ಣಿನ ದಾರಿ ಹುಡುಕಿ ಹೊರಟವರಿಗೆಲ್ಲ ಗೊತ್ತಿರುವ ಕಥೆ ಇದು. ಎರಡು ಕಿ.ಮೀ. ಚೆನ್ನಾಗಿರುತ್ತದೆ, ಆಮೇಲೆ ದಾರಿ ಯಾವುದೋ ಲೇಔಟಿನ ಗೇಟಿಗೋ ಕ್ರಷರ್ ಲಾರಿಗಳ ಧೂಳಿಗೋ ಹೋಗಿ ಮುಟ್ಟುತ್ತದೆ. ವಾಹನಗಳ ಕಾಟವಿಲ್ಲದೆ, ದಿಬ್ಬ ಹತ್ತದೆ, ಒಂದು ಕಡೆ ನೀರು ಇನ್ನೊಂದು ಕಡೆ ಗದ್ದೆ ಇಟ್ಟುಕೊಂಡು ಮೂವತ್ತು ನಲವತ್ತು ಕಿ.ಮೀ. ಒಂದೇ ಸಮ ತುಳಿಯಬೇಕೆಂದರೆ ಮೈಸೂರು ಕಡೆಯ ರೈಲು ಹತ್ತಿ ಮಂಡ್ಯ, ಪಾಂಡವಪುರ ಅಥವಾ ಶ್ರೀರಂಗಪಟ್ಟಣದಲ್ಲಿ ಇಳಿಯುವುದೇ ದಾರಿ. ಅಲ್ಲಿ ಕಾವೇರಿಯ ನಾಲೆಗಳಿವೆ, ನಾಲೆಗೆ ಏರಿ ಇದೆ, ಏರಿ ಮೇಲೆ ಮಣ್ಣಿನ ದಾರಿ ಇದೆ.

ಇಲ್ಲಿಗೆ ಹೊರಡುವವರು ಸಾಮಾನ್ಯವಾಗಿ ಲಕ್ಷದ ಮೇಲಿನ ಗ್ರಾವೆಲ್ (ಮಣ್ಣು, ಜಲ್ಲಿ ದಾರಿಯ) ಸೈಕಲ್ಲುಗಳ ಬೆಲೆ ನೋಡುತ್ತಾ ಕೂರುತ್ತಾರೆ. ನಮ್ಮ ಮಟ್ಟಿಗೆ ಅದು ದುಂದು. ಮನೆಯಲ್ಲಿರುವ ಹೈಬ್ರಿಡ್ ಸೈಕಲ್ಲಿಗೆ ಸರಿಯಾದ ಟೈರು ಕೂರುವಂತಿದ್ದರೆ ಈ ನೆಲಕ್ಕೆ ಅಷ್ಟೇ ಸಾಕು. ಆ ಟೈರುಗಳಲ್ಲಿ ಹೆಚ್ಚು ಮಂದಿ ಕೇಳುವುದು ಪ್ಯಾನರೇಸರ್ ಕಂಪನಿಯ ಗ್ರಾವೆಲ್‌ಕಿಂಗ್ ಎಸ್‌ಕೆ. ಅದರ 700x43 ಅಳತೆಯನ್ನು (43 ಮಿ.ಮೀ. ಅಗಲದ್ದು) ನಾಲೆ ಏರಿಯ ಲೆಕ್ಕದಲ್ಲೇ ಇಟ್ಟು ನೋಡಿದ ವಿಮರ್ಶೆ ಇದು. ಬೆಟ್ಟ ಇಳಿಯುವವರಿಗೆ, ಕಾಡಿನ ಕಾಲುದಾರಿಯಲ್ಲಿ ಹಾರಿಸುವವರಿಗೆ ಇದರಿಂದ ಹೆಚ್ಚು ಉಪಯೋಗವಿಲ್ಲ.

ಜಪಾನಿನಲ್ಲಿ ತಯಾರಾಗುವ ಟೈರು ಇದು. ಎಸ್‌ಕೆ ಎಂದರೆ ಸಣ್ಣ ಬಟನ್ನಿನದು. ನಡುಭಾಗದಲ್ಲಿ ಚಿಕ್ಕ ಚೌಕದ ಬಟನ್ನುಗಳು ಒತ್ತೊತ್ತಾಗಿ ಸಾಲುಗಟ್ಟಿವೆ, ಅಂಚಿನಲ್ಲಿ ಸ್ವಲ್ಪ ದೊಡ್ಡವು, ಬಿಡಿಬಿಡಿಯಾಗಿವೆ. ನೇರ ಹೋಗುವಾಗ ನೆಲಕ್ಕೆ ತಾಗುವುದು ನಡುವಿನ ಒತ್ತು ಸಾಲು ಮಾತ್ರ, ಆದ್ದರಿಂದ ಡಾಂಬರಿನ ಮೇಲೂ ಎಳೆಯುವುದಿಲ್ಲ. ತಿರುಗಿಸಿ ವಾಲಿಸಿದಾಗ ಅಂಚಿನ ಬಟನ್ನುಗಳು ಮಣ್ಣಿಗೆ ಕಚ್ಚುತ್ತವೆ. ಬೀಡ್, ಅಂದರೆ ರಿಮ್ಮಿಗೆ ಕಚ್ಚಿ ಕೂರುವ ಟೈರಿನ ಅಂಚು, ಮಡಚುವ ಜಾತಿಯದು, ಟ್ಯೂಬ್ ಹಾಕಿಯೂ ಟ್ಯೂಬ್‌ಲೆಸ್ ಆಗಿಯೂ ನಡೆಯುತ್ತದೆ. ಒಂದು ಟೈರು ಅರ್ಧ ಕೆ.ಜಿ. ಆಸುಪಾಸು. ಬೆಲೆಯ ವಿಚಾರದಲ್ಲಿ ಮುಚ್ಚುಮರೆ ಬೇಡ: ಜೋಡಿ ಕೊಂಡರೆ ಸಾಧಾರಣ ಹೈಬ್ರಿಡ್ ಸೈಕಲ್ಲಿನ ಬೆಲೆಯಲ್ಲಿ ದೊಡ್ಡ ಪಾಲೇ ಆಗುತ್ತದೆ. ಅಷ್ಟು ಕೊಟ್ಟು ಹಾಕಿಸುವ ಮುಂಚೆ ನೆಲ ಎಂಥದೆಂದು ತಿಳಿದಿರಬೇಕು.

ನೀರು ತಾನಾಗಿ ಹರಿಯಬೇಕಾದ ನಾಲೆಯನ್ನು ನೆಲದ ಸಮಮಟ್ಟದ ಗೆರೆ ಹಿಡಿದೇ ತೋಡಿರುತ್ತಾರೆ. ಅಕ್ಕಪಕ್ಕದ ಊರ ರಸ್ತೆಗಳು ಎದ್ದು ಬಿದ್ದು ಹೋದರೂ ಏರಿ ಮಾತ್ರ ದಿಬ್ಬ ಹತ್ತುವುದಿಲ್ಲ, ದಿಬ್ಬವನ್ನು ಬಳಸಿಕೊಂಡು ಹೋಗುತ್ತದೆ. ಹತ್ತು ಕಿ.ಮೀ. ದೂರದ ಊರಿಗೆ ಏರಿ ಮೇಲೆ ಹದಿನೈದಾದರೂ ಆಶ್ಚರ್ಯವಿಲ್ಲ. ಹೀಗಾಗಿ ಇಲ್ಲಿ ಟೈರಿನಿಂದ ಬೇಕಾದ್ದು ಏರು ಹತ್ತುವ ಹಿಡಿತವಲ್ಲ. ಗಂಟೆಗಟ್ಟಲೆ ಒಂದೇ ವೇಗದಲ್ಲಿ ಹಗುರವಾಗಿ ಉರುಳಬೇಕು, ಕುಲುಕಾಟ ನುಂಗಬೇಕು, ಮುಳ್ಳಿಗೆ ಬಗ್ಗಬಾರದು.

ಕನ್ನಂಬಾಡಿ ಕಟ್ಟೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ, ಊರವರ ಬಾಯಲ್ಲಿ ವಿ.ಸಿ. ನಾಲೆ, ಇವುಗಳಲ್ಲಿ ದೊಡ್ಡದು. ಹಿಂದೆ ಇದಕ್ಕೆ ಇರ್ವಿನ್ ನಾಲೆ ಎಂದು ಹೆಸರಿತ್ತು. ಇದರ ಏರಿ ಅಗಲ, ಮೊರಂ (ಕಲ್ಲು ಬೆರೆತ ಕೆಂಪು ಮಣ್ಣು) ಹಾಸಿ ಉರುಳೆ ಓಡಿಸಿದ ಕಡೆ ಗಟ್ಟಿ. ಹುಲಿಕೆರೆಯ ಹತ್ತಿರ ನಾಲೆ ಎರಡೂವರೆ ಕಿ.ಮೀ. ಮೀರಿದ ಸುರಂಗದೊಳಗೆ ಹೋಗುವುದರಿಂದ ಅಲ್ಲಿ ಏರಿಯೂ ಮುಗಿಯುತ್ತದೆ, ಮ್ಯಾಪಿನ ನೀಲಿ ಗೆರೆ ನಂಬಿ ಹೋಗಬೇಡಿ, ಊರ ರಸ್ತೆ ಹಿಡಿದು ಆಚೆ ಸೇರಿಕೊಳ್ಳಿ. ನದಿಗೆ ಹತ್ತಿರ, ತಗ್ಗಿನಲ್ಲಿ ಹರಿಯುವವು ಹಳೆಯ ನಾಲೆಗಳು: ಎಡದಂಡೆಯಲ್ಲಿ 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಹೆಸರಿನ ಸಿಡಿಎಸ್ ನಾಲೆ, ಬಲದಂಡೆಯಲ್ಲಿ ವಿರಿಜಾ ನಾಲೆ, ಶ್ರೀರಂಗಪಟ್ಟಣದ ದ್ವೀಪಕ್ಕೆ ನೀರು ತರುವ ಬಂಗಾರದೊಡ್ಡಿ ನಾಲೆ. ಇವುಗಳ ಏರಿ ಕಿರಿದು, ತೆಂಗಿನ ನೆರಳು ಹೆಚ್ಚು, ನೆಲ ಮೃದು. ಶ್ರೀರಂಗಪಟ್ಟಣದಿಂದ ಕರಿಘಟ್ಟದ ಬುಡ ಬಳಸಿ ಮಹದೇವಪುರ, ಅರಕೆರೆ ಕಡೆಗೆ ಹೋಗುವ ಸೀಮೆ ಸೈಕಲ್ಲಿಗೆ ಹೇಳಿ ಮಾಡಿಸಿದ್ದು. ಏರಿ ಕೆಟ್ಟರೆ ಪಕ್ಕದಲ್ಲೇ ಬನ್ನೂರು ರಸ್ತೆ ಸಿಗುತ್ತದೆ.

ಏರಿ ಎಂದ ಮಾತ್ರಕ್ಕೆ ನೆಲ ಒಂದೇ ಬಗೆಯದೆಂದು ತಿಳಿಯಬೇಡಿ. ಗಟ್ಟಿ ಮೊರಂ, ನಡುವೆ ಹುಲ್ಲು ಬೆಳೆದ ಎರಡು ಗಾಲಿಜಾಡು, ಡಾಂಬರು ಕಾಣುವ ಮುಂಚೆ ಸುರಿದು ಬಿಟ್ಟ ಜಲ್ಲಿ, ಬೇಸಿಗೆಯಲ್ಲಿ ಎತ್ತಿ ದಂಡೆಗೆ ಹಾಕಿ ಒಣಗಿ ಗಟ್ಟಿಯಾದ ಹೂಳಿನ ಹೆಂಟೆ, ತೂಬಿನ ಮೇಲೆ ಅಡ್ಡ ಹಾಸಿದ ಚಪ್ಪಡಿ, ಎಲ್ಲವೂ ಒಂದೇ ಬೆಳಗಿನ ದಾರಿಯಲ್ಲಿ ಸಿಗುತ್ತವೆ. ಹೊಸಬರಿಗೆ ಗೊತ್ತಿಲ್ಲದ ಇನ್ನೊಂದಿದೆ. ನಾಟಿಗೆ ಮುಂಚೆ ಗದ್ದೆ ಕೆಸರು ಮಾಡಲು ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್ ವೀಲ್ ಕಟ್ಟುತ್ತಾರೆ. ಗದ್ದೆಯಿಂದ ಗದ್ದೆಗೆ ಹೋಗುವಾಗ ಅದನ್ನು ಬಿಚ್ಚದೆ ಏರಿ ಮೇಲೇ ಓಡಿಸಿದರೆ ಒಂದು ಗೇಣಿಗೊಂದರಂತೆ ಅಡ್ಡಗೆರೆ ಕೊರೆದು ಹೋಗುತ್ತದೆ. ಒಣಗಿದ ಮೇಲೆ ಅದರ ಮೇಲೆ ಸೈಕಲ್ ಓಡಿಸಿದರೆ ಹಲ್ಲು ಕಟಕಟ ಅನ್ನುತ್ತದೆ. 32ರ ಟೈರು, 60 ಪಿಎಸ್‌ಐ ಗಾಳಿ ಇಟ್ಟುಕೊಂಡು ಬಂದವರು ಇಂಥ ಅರ್ಧ ಕಿ.ಮೀ. ಮುಗಿಯುವುದರೊಳಗೆ ಇಳಿದು ತಳ್ಳುತ್ತಾರೆ. 43 ಬೇಕೆನ್ನುವುದು ಮುಖ್ಯವಾಗಿ ಇದಕ್ಕೇ.

ಕೊಳ್ಳುವ ಮುಂಚೆ ಅಳತೆ. ಟೈರಿನ ಪಕ್ಕದಲ್ಲಿ 43-622 ಎಂದು ಅಚ್ಚಾಗಿರುತ್ತದೆ: ಅಗಲ 43 ಮಿ.ಮೀ., ರಿಮ್ಮಿನ ಬೀಡ್ ಕೂರುವ ವ್ಯಾಸ 622 ಮಿ.ಮೀ. 700ಸಿ ಎಂದರೂ 29 ಇಂಚು ಎಂದರೂ ಇದೇ 622. ಸೈಕಲ್ಲಿನಲ್ಲಿ ಮೂರು ಕಡೆ ಜಾಗ ಅಳೆಯಿರಿ: ಹಿಂಚಕ್ರದ ಎರಡು ಪಕ್ಕ ಪೆಡಲ್ ಕಡೆಗೆ ಬರುವ ಕೊಳವೆಗಳ ನಡುವೆ, ಸೀಟಿನ ಕೆಳಗಿನ ಅಡ್ಡಪಟ್ಟಿಯ ಹತ್ತಿರ, ಮುಂದಿನ ಫೋರ್ಕಿನ ಕತ್ತಿನಲ್ಲಿ. ಟೈರಿನ ಆಚೀಚೆ ತಲಾ 6 ಮಿ.ಮೀ. ಬಿಡುವಿರಬೇಕು, ಅಂದರೆ ಒಟ್ಟು 55 ಮಿ.ಮೀ. ಅದಕ್ಕಿಂತ ಕಡಿಮೆಯಿದ್ದರೂ ಒಣನೆಲದಲ್ಲಿ ಚಕ್ರ ತಿರುಗೀತು. ಆದರೆ ಒಂದು ಕಲ್ಲು ಸಿಕ್ಕಿಕೊಂಡರೆ ಫ್ರೇಮಿನ ಬಣ್ಣವನ್ನಷ್ಟೇ ಅಲ್ಲ, ಅಲ್ಯೂಮಿನಿಯಮ್ಮನ್ನೂ ತರಿಯುತ್ತದೆ. ಬಹಳಷ್ಟು ಹೈಬ್ರಿಡ್‌ಗಳಲ್ಲಿ 38ರಿಂದ 42ರವರೆಗೆ ಸಲೀಸು, 43ಕ್ಕೆ ಬಂದಾಗ ಹಿಂದುಗಡೆ ಬಿಗಿ. ಅಂಥ ಸೈಕಲ್ಲಿಗೆ ಮುಂದೆ 43, ಹಿಂದೆ 38 ಹಾಕುವುದರಲ್ಲಿ ಅವಮಾನವೇನಿಲ್ಲ. ಕೈ ಮತ್ತು ಭುಜಕ್ಕೆ ಬರುವ ಪೆಟ್ಟು ಮುಂದಿನ ಚಕ್ರದ್ದು. ಕ್ಯಾಲಿಪರ್ ಬ್ರೇಕಿನ ರೋಡ್ ಸೈಕಲ್ಲಿಗಂತೂ ಇದು ಕೂರುವುದೇ ಇಲ್ಲ, ಬ್ರೇಕಿನ ಕಮಾನೇ ಅಡ್ಡ ಬರುತ್ತದೆ.

ರಿಮ್ಮಿನ ಒಳ ಅಗಲವೂ ಲೆಕ್ಕಕ್ಕೆ ಬರುತ್ತದೆ. 21ರಿಂದ 25 ಮಿ.ಮೀ. ಇದ್ದರೆ ಟೈರು ಹೇಳಿದ ಅಗಲಕ್ಕೆ ಬಂದು ನೆಟ್ಟಗೆ ನಿಲ್ಲುತ್ತದೆ. ಹಳೆಯ ಹೈಬ್ರಿಡ್‌ಗಳ 17 ಮಿ.ಮೀ. ರಿಮ್ಮಿಗೆ ಹಾಕಿದರೆ ಕತ್ತು ಕಿರಿದಾಗಿ ಹೊಟ್ಟೆ ಉಬ್ಬಿದ ಆಕಾರ ಬರುತ್ತದೆ. ಗಾಳಿ ಕಡಿಮೆ ಮಾಡಿದಾಗ ತಿರುವಿನಲ್ಲಿ ಟೈರು ಪಕ್ಕಕ್ಕೆ ಹೊರಳಿದಂತಾಗುವುದು ಅದರಿಂದಲೇ. ಆಗ ಎರಡು ಮೂರು ಪಿಎಸ್‌ಐ ಹೆಚ್ಚಿಗೆ ಇಡುವುದು ಬಿಟ್ಟರೆ ಬೇರೆ ಉಪಾಯವಿಲ್ಲ.

ಗಾಳಿಯ ವಿಚಾರದಲ್ಲಿ ಬೆಂಗಳೂರಿನವರ ಕೈ ಯಾವಾಗಲೂ ಮೇಲೆ. ಗಟ್ಟಿ ಇದ್ದಷ್ಟೂ ಓಡುತ್ತದೆ ಎಂಬ ನಂಬಿಕೆ ನುಣುಪು ಡಾಂಬರಿನದು. ಮೊರಂ ಮೇಲೆ ಟೈರು ಕಲ್ಲನ್ನು ನುಂಗದಿದ್ದರೆ ಇಡೀ ಸೈಕಲ್ಲು, ಅದರ ಮೇಲಿನ ಮೈ, ಪ್ರತಿ ಕಲ್ಲಿಗೂ ಮೇಲೇಳಬೇಕು. ಕಾಲಿನ ಶಕ್ತಿ ಮುಂದೆ ಹೋಗುವ ಬದಲು ಆ ಕುಲುಕಾಟದಲ್ಲಿ ಸೋರುತ್ತದೆ. ಸವಾರ, ಸೈಕಲ್, ನೀರು, ಚೀಲ ಎಲ್ಲ ಸೇರಿ 85 ಕೆ.ಜಿ. ಆದರೆ ಟ್ಯೂಬ್‌ಲೆಸ್ಸಿನಲ್ಲಿ ಮುಂದೆ 30, ಹಿಂದೆ 33 ಪಿಎಸ್‌ಐಯಿಂದ ಶುರುಮಾಡಿ. 75 ಕೆ.ಜಿ.ಗೆ 27 ಮತ್ತು 29, ನೂರರ ಹತ್ತಿರವಿದ್ದರೆ 35 ಮತ್ತು 39. ಟ್ಯೂಬ್ ಹಾಕಿದ್ದರೆ ಎಲ್ಲಕ್ಕೂ 5ರಿಂದ 6 ಸೇರಿಸಿ. ಆಮೇಲೆ ಏರಿಯೇ ಹೇಳಿಕೊಡುತ್ತದೆ. ತೂಬಿನ ಚಪ್ಪಡಿ ಅಂಚಿಗೆ ಹಿಂಚಕ್ರ ತಾಗಿದಾಗ ರಿಮ್ ಟಣ್ ಎಂದರೆ 2 ಏರಿಸಿ. ಎಂದೂ ಸದ್ದೇ ಇಲ್ಲ, ಅಂಗೈ ಮಾತ್ರ ಜೋಮು ಹಿಡಿಯುತ್ತಿದೆ ಎಂದರೆ 2 ಇಳಿಸಿ. ನಿಲ್ಲಿಸಿ ಹೊಡೆಯುವ ದೊಡ್ಡ ಪಂಪುಗಳ ಮುಳ್ಳು 30ರ ಕೆಳಗೆ ನಂಬಿಕೆಗೆ ಅರ್ಹವಲ್ಲ, ಡಿಜಿಟಲ್ ಗೇಜು ಒಂದು ಇಟ್ಟುಕೊಳ್ಳಿ. ಮನೆಯಿಂದ ರೈಲ್ವೆ ನಿಲ್ದಾಣದವರೆಗೆ ಡಾಂಬರಿನ ಮೇಲೆ 40–45 ಇಟ್ಟು ಹೋಗಿ, ಇಳಿದ ಮೇಲೆ ಬಿಡುವುದು ಸುಲಭ. ಅಲ್ಲಿ ಬಿಟ್ಟಿದ್ದನ್ನು ವಾಪಸ್ ತುಂಬಲು ಕೈಪಂಪಿನಲ್ಲಿ ಒಂದು ಚಕ್ರಕ್ಕೆ ನೂರಕ್ಕೂ ಮೇಲೆ ಹೊಡೆತ ಬೇಕು ಎಂಬುದು ನೆನಪಿರಲಿ.

ಟ್ಯೂಬೋ ಟ್ಯೂಬ್‌ಲೆಸ್ಸೋ? ಮಂಡ್ಯ ಸೀಮೆಗಾದರೆ ಟ್ಯೂಬ್‌ಲೆಸ್ಸೇ, ಇದರಲ್ಲಿ ಎರಡು ಮಾತಿಲ್ಲ. ಕಾರಣ ಮುಳ್ಳು. ಏರಿಯ ಒಣ ಅಂಚಿನಲ್ಲಿ ನೆಲಕ್ಕೆ ಹಬ್ಬಿ ಹಳದಿ ಹೂ ಬಿಡುವ ನೆಗ್ಗಿಲು ಇರುತ್ತದೆ. ಅದರ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲೆ ನೋಡುತ್ತಿರುತ್ತದೆ. ದಾರಿ ಬಿಟ್ಟು ಪಕ್ಕಕ್ಕೆ ಒಮ್ಮೆ ಸೈಕಲ್ ಒರಗಿಸಿದರೆ ಸಾಕು, ಐದಾರು ಮುಳ್ಳು ಅಂಟಿರುತ್ತವೆ. ಸೀಲೆಂಟ್ (ಟೈರಿನೊಳಗೆ ಹಾಕುವ, ತೂತು ಮುಚ್ಚುವ ದ್ರವ) ಇರುವ ಟೈರಿಗೆ ಇವು ಲೆಕ್ಕಕ್ಕಿಲ್ಲ. ಟ್ಯೂಬಿನಲ್ಲಾದರೆ ಒಂದಕ್ಕೆ ತೇಪೆ ಹಾಕುವಷ್ಟರಲ್ಲಿ ಇನ್ನೊಂದು ಸುಯ್ಯೆನ್ನುತ್ತದೆ. ಬೇಲಿ ಸವರಿ ದಾರಿಗೆ ಎಸೆದ ಜಾಲಿ ಮುಳ್ಳಿನ ಮಾತು ಬೇರೆ. ಬಳ್ಳಾರಿ ಜಾಲಿಯ ಮುಳ್ಳು ಉದ್ದ, ಎಸ್‌ಕೆಯ ತೆಳು ಚರ್ಮವನ್ನು ದಾಟಿ ನೇರ ಒಳಗೆ ಇಳಿಯುತ್ತದೆ. ಆಗಲೂ ಮುಳ್ಳನ್ನು ತಕ್ಷಣ ಕೀಳಬೇಡಿ. ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ, ಮುಳ್ಳು ಎಳೆದು, ಹಾಗೇ ಅರ್ಧ ನಿಮಿಷ ಹಿಡಿಯಿರಿ. ಸೀಲೆಂಟ್ ತೂತಿನ ಹತ್ತಿರ ನಿಂತು ಗಟ್ಟಿಯಾಗಲು ಸಮಯ ಬೇಕು.

ಟ್ಯೂಬ್‌ಲೆಸ್ ಕೂರಿಸುವುದು ಮನೆಯಲ್ಲೂ ಆಗುವ ಕೆಲಸ. ರಿಮ್ಮಿನೊಳಗೆ ಟೇಪು, ಒಳ ಅಗಲಕ್ಕಿಂತ 2–3 ಮಿ.ಮೀ. ಹೆಚ್ಚು ಅಗಲದ್ದು. ಸ್ಪಿರಿಟ್ ಹಾಕಿ ಒರೆಸಿ ಒಣಗಿಸಿದ ಮೇಲೆ ಎಳೆದು ಬಿಗಿಯಾಗಿ ಎರಡು ಸುತ್ತು. ಸೋರಿಕೆಯ ದೂರುಗಳಲ್ಲಿ ಬಹುಪಾಲು ಟೈರಿನದಲ್ಲ, ಟೇಪಿನ ಅಂಚು ಎದ್ದದ್ದರದು. ವಾಲ್ವಿನ ತೂತನ್ನು ಬ್ಲೇಡಿನಿಂದ ಅಡ್ಡ ಸೀಳದೆ, ಕಾಯಿಸಿದ ಸೂಜಿಯಿಂದ ದುಂಡಗೆ ಮಾಡಿ. ಸೀಳು ಆಮೇಲೆ ಹರಿಯುತ್ತಾ ಹೋಗುತ್ತದೆ. ಟೈರಿನ ಎರಡೂ ಅಂಚಿಗೆ ಸೋಪುನೀರು ಹಚ್ಚಿ, ವಾಲ್ವಿನ ಕೋರ್ ಬಿಚ್ಚಿ ಗಾಳಿ ಹೊಡೆಯಿರಿ. ಕೋರ್ ಇಲ್ಲದಿದ್ದಾಗ ಗಾಳಿ ಒಮ್ಮೆಲೇ ನುಗ್ಗುತ್ತದೆ, ಬೀಡ್ ಟಪ್ ಟಪ್ ಎಂದು ರಿಮ್ಮಿನ ಅಂಚಿಗೆ ಹೋಗಿ ಕೂರುತ್ತದೆ. ಮನೆಯ ಪಂಪಿಗೆ ಆಗದಿದ್ದರೆ ಬೀದಿಯ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಇದೆ. ಅವರದು ಬೈಕಿನ ವಾಲ್ವಿಗೆ ಕೂರುವ ತಲೆ, ನಿಮ್ಮದು ಪ್ರೆಸ್ಟಾ ಎಂಬ ಸಣ್ಣ ವಾಲ್ವು. ನಡುವೆ ಹಾಕುವ ಹಿತ್ತಾಳೆಯ ಪುಟ್ಟ ಅಡಾಪ್ಟರ್ ಜೇಬಿನಲ್ಲಿಟ್ಟುಕೊಂಡೇ ಹೋಗಿ. ಕಂಪ್ರೆಸರ್ ಹಿಡಿದವರಿಗೆ 40ಕ್ಕೆ ನಿಲ್ಲಿಸಿ ಎಂದು ಮೊದಲೇ ಹೇಳಿ. ಬೈಕ್, ಕಾರು ನೋಡಿದ ಕೈ, ಒಂದು ಕ್ಷಣದಲ್ಲಿ ದುಪ್ಪಟ್ಟು ದಾಟಿಸಿಬಿಡುತ್ತದೆ. ಹುಕ್‌ಲೆಸ್ (ಒಳ ಅಂಚಿನಲ್ಲಿ ಕೊಕ್ಕೆಯಿಲ್ಲದ) ರಿಮ್ ಆದರಂತೂ 72.5 ಪಿಎಸ್‌ಐ ದಾಟುವಂತೆಯೇ ಇಲ್ಲ.

ಬೀಡ್ ಕೂತ ಮೇಲೆ ಗಾಳಿ ಬಿಟ್ಟು, ವಾಲ್ವಿನ ಮೂಲಕವೇ 60ರಿಂದ 80 ಮಿ.ಲೀ. ಸೀಲೆಂಟ್. ಮೊದಲ ಸಲ ಎಂಬತ್ತೇ ಇರಲಿ, ಹೊಸ ಟೈರಿನ ಚರ್ಮವೇ ಸ್ವಲ್ಪ ಕುಡಿಯುತ್ತದೆ. ಪಕ್ಕಗಳಲ್ಲಿ ಸಣ್ಣ ಬಿಳಿ ಹನಿ ಬೆವರಿದಂತೆ ಕಂಡರೆ ಗಾಬರಿ ಬೇಡ, ಚಕ್ರವನ್ನು ಎರಡೂ ಮಗ್ಗುಲಿಗೆ ಅಷ್ಟಷ್ಟು ಹೊತ್ತು ಮಲಗಿಸಿದರೆ ನಿಲ್ಲುತ್ತದೆ. ನಮ್ಮ ಬಿಸಿಲಿಗೆ ಸೀಲೆಂಟ್ ಎರಡು ಮೂರು ತಿಂಗಳಲ್ಲಿ ಒಣಗಿ ಹಾಳೆಯಂತಾಗುತ್ತದೆ. ಚಕ್ರ ಕಿವಿಯ ಹತ್ತಿರ ಅಲುಗಿಸಿದಾಗ ಕುಳುಕುಳು ಸದ್ದು ಬರದಿದ್ದರೆ ಮತ್ತೆ 40–50 ಮಿ.ಲೀ. ಹಾಕಿ. ಲೇಟೆಕ್ಸ್ ಸೀಲೆಂಟ್ ಇರುವ ಟೈರಿಗೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನಿಂದ ಗಾಳಿ ತುಂಬಿದರೆ ಎಷ್ಟೋ ಬ್ರಾಂಡುಗಳಲ್ಲಿ ಅದು ಮೊಸರಿನಂತೆ ಒಡೆಯುತ್ತದೆ. ಕೈಪಂಪೇ ಮೇಲು.

ಸೀಲೆಂಟಿಗೆ ಆಗದ್ದು ಪಕ್ಕದ ಸೀಳು. ಎಸ್‌ಕೆಯ ದುರ್ಬಲ ಜಾಗ ಅದೇ. ಹೊಸ ಜಲ್ಲಿಯ ಚೂಪು ಅಂಚು, ಮೊರಂ ಜೊತೆ ಬರುವ ಬೆಣಚುಕಲ್ಲು ಬಟನ್ನುಗಳ ಕೆಳಗಿನ ತೆಳು ಪಕ್ಕವನ್ನು ಸೀಳಬಲ್ಲವು, ಅದರಲ್ಲೂ ಗಾಳಿ ತೀರ ಕಡಿಮೆ ಇಟ್ಟಾಗ. 3 ಮಿ.ಮೀ. ಒಳಗಿನದಕ್ಕೆ ಸೈಕಲ್ಲಿನದೇ ಬತ್ತಿ ಚುಚ್ಚಿ. ಬೈಕಿನ ಪಂಕ್ಚರ್ ಬತ್ತಿ ತೀರ ದಪ್ಪ, ತೂತನ್ನೇ ಹಿಗ್ಗಿಸುತ್ತದೆ. ಅದಕ್ಕಿಂತ ದೊಡ್ಡ ಸೀಳಾದರೆ ಟ್ಯೂಬ್ ಹಾಕಲೇಬೇಕು, ಸೀಳಿನ ಒಳಗಡೆ ಹಳೆ ಟೈರಿನ ತುಂಡೋ ನಾಲ್ಕು ಮಡಿಕೆ ಹಾಕಿದ ನಂದಿನಿ ಹಾಲಿನ ಕವರೋ ಅಡ್ಡ ಕೊಟ್ಟು. ಹಾಲಿನ ಕವರ್ ರೈಲು ನಿಲ್ದಾಣದವರೆಗೆ ಮುಟ್ಟಿಸುತ್ತದೆ, ಅದಕ್ಕಿಂತ ಹೆಚ್ಚು ಅದರಿಂದ ಕೇಳಬೇಡಿ. ಕಂಪನಿಯೇ ಪ್ಲಸ್ ಎಂಬ ಹೆಸರಿನಲ್ಲಿ ಹೆಚ್ಚು ರಕ್ಷಣೆಯ ಪದರ ಇರುವ ಟೈರು ಮಾಡುತ್ತದೆ. ಸ್ವಲ್ಪ ಭಾರ, ಸ್ವಲ್ಪ ಗಡಸು. ಹಿಂಚಕ್ರಕ್ಕೆ ಅದನ್ನು ಹಾಕುವುದು ಜಾಣತನ, ತೂಕವೆಲ್ಲ ಬೀಳುವುದು ಅಲ್ಲಿ.

ಟ್ಯೂಬನ್ನು ಮನೆಯಿಂದಲೇ ಒಯ್ಯಬೇಕು, ಹೋದಲ್ಲಿ ಸಿಗುತ್ತದೆ ಎನ್ನುವ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಊರ ಸೈಕಲ್ ಅಂಗಡಿಯಲ್ಲಿರುವುದು ಹಳೆಯ ದೊಡ್ಡ ಸೈಕಲ್ಲಿನ 28x1½ ಟ್ಯೂಬ್. ಅದರ ಚಕ್ರದ ವ್ಯಾಸ 635 ಮಿ.ಮೀ., ನಮ್ಮದು 622. ಆದ್ದರಿಂದ ಕಷ್ಟಕಾಲಕ್ಕೆ ಆ ಟ್ಯೂಬ್ ಒಳಗೆ ಕೂರುತ್ತದೆ. ಆದರೆ ಅದರ ವಾಲ್ವು ದಪ್ಪ. ಬೈಕ್ ವಾಲ್ವಿನ ತೂತಿರುವ ರಿಮ್ ಆದರೆ ಸರಿ, ಪ್ರೆಸ್ಟಾ ತೂತಿನ ರಿಮ್ಮಿನಲ್ಲಿ ತೂರುವುದೇ ಇಲ್ಲ. 622ಕ್ಕೆ ಹೊಂದುವ, 38–45 ಅಗಲದ ಒಂದು ಟ್ಯೂಬ್, ಎರಡು ಟೈರ್ ಲಿವರ್, ಬತ್ತಿ, ಪಂಪು, ಚೈನ್ ಕೊಂಡಿ. ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಮೈಯನ್ನು ಬೆರಳಿನಿಂದಲ್ಲ, ಬಟ್ಟೆಯಿಂದ ಸವರಿ. ಟ್ಯೂಬ್‌ಲೆಸ್ಸಾಗಿ ಓಡಿದ ಟೈರಿನಲ್ಲಿ ಎಷ್ಟು ಮುಳ್ಳು ಸದ್ದಿಲ್ಲದೆ ಕೂತಿರುತ್ತವೆ ಎಂಬುದು ಆಗಲೇ ಗೊತ್ತಾಗುವುದು.

ಮಳೆಯಲ್ಲಿ ಈ ಟೈರು ಸೋಲುತ್ತದೆ, ಸೋಲುವುದು ಅದರ ಗುಣದಿಂದಲೇ. ಒತ್ತೊತ್ತಾದ ಬಟನ್ನುಗಳ ನಡುವೆ ಒದ್ದೆ ಕೆಮ್ಮಣ್ಣು ತುಂಬಿದರೆ ಉದುರಿ ಹೋಗಲು ಜಾಗವಿಲ್ಲ. ಹತ್ತು ಸುತ್ತಿಗೆ ಟೈರು ನುಣ್ಣಗೆ, ಇಪ್ಪತ್ತಕ್ಕೆ ಮಣ್ಣು ಫ್ರೇಮಿಗೆ ತುಂಬಿ ಚಕ್ರ ನಿಲ್ಲುತ್ತದೆ. ಮುಂದಿನ ಚಕ್ರ ನಾಲೆಯ ಕಡೆಗೆ ಜಾರಿದರೆ ಹಿಡಿಯಲು ಏನೂ ಇರುವುದಿಲ್ಲ. ವಿ.ಸಿ. ನಾಲೆಗೆ ಬಹಳ ಕಡೆ ತಡೆಗೋಡೆಯಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸೊಂದು ಇದೇ ನಾಲೆಗೆ ಉರುಳಿ ಮೂವತ್ತು ಜನ ಸತ್ತರು. ಕಾಂಕ್ರೀಟ್ ಹಾಸಿದ ಇಳಿಜಾರು ಪಾಚಿಗಟ್ಟಿ ಜಾರುವುದರಿಂದ, ಈಜು ಬಂದರೂ ಬಿದ್ದವರು ತಾವಾಗಿ ಹತ್ತಿ ಬರುವುದು ಕಷ್ಟ. ಒಣಗಿದ್ದರೂ ಸರಿ, ಎರಡು ಗಾಲಿಜಾಡಿನಲ್ಲಿ ಗದ್ದೆ ಕಡೆಯದನ್ನೇ ಹಿಡಿಯಿರಿ. ಕೈಕಾಲು ತೊಳೆಯಲೆಂದು ನಾಲೆಗೆ ಇಳಿಯಬೇಡಿ. ಜೋರು ಮಳೆಯಾದ ಮೇಲೆ ಎತ್ತರದ ಏರಿಗೆ ಒಂದು ಪೂರ್ತಿ ಬಿಸಿಲು ಬೇಕು, ತಗ್ಗಿನ ಗದ್ದೆದಾರಿಗೆ ಎರಡು ಮೂರು. ಜೂನ್‌ನಿಂದ ಅಕ್ಟೋಬರ್‌ವರೆಗೂ ಓಡಿಸಲೇಬೇಕು ಎನ್ನುವವರು ಬಟನ್ ಬಿಡಿಬಿಡಿಯಾಗಿರುವ ಬೇರೆ ಟೈರು ನೋಡಲಿ. ಡಾಂಬರಿನ ಮೇಲೆ ಅದು ಗುಂಯ್ ಎನ್ನುತ್ತಾ ಎಳೆಯುತ್ತದೆ, ಆ ಬೆಲೆ ತೆರಲೇಬೇಕು.

ಇನ್ನೊಂದು ಚಾಳಿ ಎಲ್ಲ ಎಸ್‌ಕೆ ಬಳಕೆದಾರರಿಗೂ ಗೊತ್ತು: ಬಟನ್ ನಡುವೆ ಹುರಳಿಕಾಳಿನಷ್ಟು ಕಲ್ಲು ಕಚ್ಚಿ ಹಿಡಿದು ಎಸೆಯುವುದು. ಮುಂದಿನ ಚಕ್ರದ್ದು ಫ್ರೇಮಿನ ಕೆಳಕೊಳವೆಗೆ ಚಟಚಟ ಹೊಡೆಯುತ್ತದೆ, ಹಿಂದಿನದು ಹಿಂದೆ ಬರುವವರ ಮುಖಕ್ಕೆ. ಕೆಳಕೊಳವೆಗೆ ಹಳೆ ಟ್ಯೂಬ್ ಸೀಳಿ ಸುತ್ತಿದರೆ ಬಣ್ಣ ಉಳಿಯುತ್ತದೆ. ಗುಂಪಿನಲ್ಲಿ ಹೋಗುವಾಗ ಹಿಂದಿನವರು ಕನ್ನಡಕ ಹಾಕಲಿ ಅಥವಾ ನೇರ ಹಿಂದೆ ಬರದೆ ಇನ್ನೊಂದು ಜಾಡಿನಲ್ಲಿ ಬರಲಿ. ಈ ಕಿರಿಕಿರಿ ಬೇಡವೆಂದರೆ ಅದೇ ಸಾಲಿನ ಎಸ್‌ಎಸ್ ಇದೆ, ನಡುಭಾಗ ಬಹುತೇಕ ನುಣುಪು, ಅಂಚಿಗೆ ಮಾತ್ರ ಬಟನ್. ಗಟ್ಟಿ ಮೊರಂ ಮತ್ತು ಡಾಂಬರು ಅರ್ಧರ್ಧ ಇರುವ ದಾರಿಗೆ ನಮ್ಮ ಓಟು ಅದಕ್ಕೆ. ಜಲ್ಲಿ, ಹೂಳು, ಹುಲ್ಲು ಹೆಚ್ಚಿದ್ದರೆ ಎಸ್‌ಕೆಗೆ.

ಟೈರಿನದಲ್ಲದಿದ್ದರೂ ಈ ಸೀಮೆಯಲ್ಲಿ ಟೈರಿನ ಮೇಲೆ ಬರುವ ಅಪವಾದವೊಂದಿದೆ. ಭತ್ತ, ರಾಗಿ ಕೊಯ್ಲಿನ ಕಾಲದಲ್ಲಿ, ಅಂದರೆ ನವೆಂಬರ್‌ನಿಂದ ಜನವರಿಯವರೆಗೆ, ಒಕ್ಕಣೆಗೆಂದು ರಸ್ತೆಯ ಮೇಲೇ ತೆನೆ ಹಾಸುತ್ತಾರೆ. ಅದರ ಮೇಲೆ ಸೈಕಲ್ ಓಡಿಸಿದರೆ ಹುಲ್ಲು ಬಟನ್ನಿಗೆ ಸಿಕ್ಕಿ ಮೇಲೆ ಬಂದು ಹಿಂದಿನ ಗೇರುಚಕ್ರಗಳ ನಡುವೆ ಸುತ್ತಿಕೊಳ್ಳುತ್ತದೆ. ಗೇರು ಹಾರುತ್ತಿದೆ, ಚಕ್ರ ಬಿಗಿಯಾಗಿದೆ ಎಂದು ಕೇಬಲ್ ತಿರುಚಲು ಹೋಗಬೇಡಿ, ಹುಲ್ಲು ಬಿಡಿಸಿ ನೋಡಿ. ತುಳಿಯುತ್ತಲೇ ಹೋದರೆ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ತೋಳು) ಬಾಗಿ ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತದೆ, ಅಲ್ಲಿಗೆ ಆ ದಿನ ಮುಗಿದಂತೆ. ಒಕ್ಕಣೆ ಬಂದಾಗ ಇಳಿದು ಅಂಚಿನಲ್ಲಿ ಎತ್ತಿಕೊಂಡು ಹೋಗಿ. ಅದು ಇನ್ನೊಬ್ಬರ ಅನ್ನ ಎಂಬುದೂ ಒಂದು ಕಾರಣ. ಸಿಡಿಎಸ್, ವಿರಿಜಾ ಕಡೆ ಬಿದ್ದ ತೆಂಗಿನ ಗರಿಯ ಕಡ್ಡಿಯೂ ಇದೇ ಕೆಲಸ ಮಾಡುತ್ತದೆ.

ದಿಕ್ಕು ಆರಿಸುವುದಕ್ಕೆ ಗಾಳಿ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದಿಂದ ಜೋರಾಗಿ ಬೀಸುತ್ತದೆ. ಬಯಲಿನಲ್ಲಿ ಮರೆಯಿಲ್ಲ. ಆ ತಿಂಗಳುಗಳಲ್ಲಿ ಒಣಗಿದ ದಿನ ಸಿಕ್ಕರೆ ಶ್ರೀರಂಗಪಟ್ಟಣದಲ್ಲೋ ಪಾಂಡವಪುರದಲ್ಲೋ ಇಳಿದು ಮಂಡ್ಯ, ಮದ್ದೂರು ಕಡೆಗೆ ತುಳಿಯಿರಿ, ಮದ್ದೂರಿನಲ್ಲಿ ವಡೆ ತಿಂದು ರೈಲು ಹತ್ತಿ. ಉಲ್ಟಾ ಹೋದರೆ ಯಾವ ಟೈರೂ ಕಾಪಾಡದು. ನಾಲೆಯಲ್ಲಿ ನೀರು ಬಿಟ್ಟಿದ್ದಾರೋ ಕಟ್ಟು ಪದ್ಧತಿಯಲ್ಲಿ (ಕೆಲ ದಿನ ನೀರು ಬಿಟ್ಟು ಕೆಲ ದಿನ ಕಟ್ಟುವುದು) ನಿಲ್ಲಿಸಿದ್ದಾರೋ ಎಂಬುದು ಸೊಬಗಿಗೆ ಮಾತ್ರ ಸಂಬಂಧಿಸಿದ್ದು, ದಾರಿಗಲ್ಲ. ಬೆಂಗಳೂರಿನಿಂದಲೇ ಸೈಕಲ್ಲಿನಲ್ಲಿ ಹೊರಡುವವರಿಗೆ ಒಂದು ನೆನಪು: ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಸೈಕಲ್ಲಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ.

ರೈಲಿನಲ್ಲಿ ಒಯ್ಯಲು ಎರಡೂ ಚಕ್ರ ಬಿಚ್ಚಿ ಚೀಲಕ್ಕೆ ಹಾಕುವುದು ವಾಸಿ. ಪಾರ್ಸೆಲ್ ಬೋಗಿಗೆ ಹಾಕಿದರೆ, ರೈಲು ಒಂದೆರಡು ನಿಮಿಷ ನಿಲ್ಲುವ ಸಣ್ಣ ನಿಲ್ದಾಣದಲ್ಲಿ ಇಳಿಸಿಕೊಳ್ಳುವುದು ಅದೃಷ್ಟದ ಮಾತು. ಜಾಗ ಉಳಿಸಲೆಂದು ಟ್ಯೂಬ್‌ಲೆಸ್ ಟೈರಿನ ಗಾಳಿ ಪೂರ್ತಿ ಬಿಡಬೇಡಿ. ಚೀಲದಲ್ಲಿ ಒತ್ತಡ ಬಿದ್ದು ಬೀಡ್ ಎದ್ದರೆ ಸೀಲೆಂಟ್ ಚೀಲಕ್ಕೂ ಪಕ್ಕದವರ ಲಗೇಜಿಗೂ ಹರಿಯುತ್ತದೆ, ಮತ್ತೆ ಕೂರಿಸಲು ಕಂಪ್ರೆಸರ್ ಹುಡುಕಬೇಕು. 15 ಪಿಎಸ್‌ಐ ಉಳಿಸಿಕೊಳ್ಳಿ. ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ತೆಗೆದ ಜಾಗಕ್ಕೆ ಪ್ಲಾಸ್ಟಿಕ್ ತುಂಡು ತುರುಕಿ, ಇಲ್ಲದಿದ್ದರೆ ಯಾರೋ ಬ್ರೇಕ್ ಹಿಡಿದು ಪ್ಯಾಡ್ ಅಂಟಿಕೊಳ್ಳುತ್ತದೆ.

ಸವೆತದ ಲೆಕ್ಕ ಬಳಕೆಯ ಮೇಲೆ. ವಾರವಿಡೀ ಇದೇ ಟೈರಿನಲ್ಲಿ ಆಫೀಸಿಗೆ ಹೋಗುವವರಿಗೆ ಹಿಂಚಕ್ರದ ನಡುಸಾಲು ಬೇಗ ಚಪ್ಪಟೆಯಾಗುತ್ತದೆ. ಆಗ ಹಿಂದಿನದನ್ನು ಎಸೆದು, ಮುಂದಿನದನ್ನು ಹಿಂದಕ್ಕೆ ಹಾಕಿ, ಹೊಸದನ್ನು ಮುಂದೆ ಹಾಕಿ. ಸವೆದದ್ದನ್ನು ಮುಂದಕ್ಕೆ ಹಾಕುವುದು ತಪ್ಪು, ಜಾರಿದಾಗ ಕೆಡವುವುದು ಮುಂದಿನ ಚಕ್ರ. ವಾರಕ್ಕೈದು ದಿನ ಸಿಲ್ಕ್ ಬೋರ್ಡ್, ತಿಂಗಳಿಗೊಂದು ದಿನ ನಾಲೆ ಎನ್ನುವವರಿಗೆ ಈ ಟೈರು ಬೇಡವೇ ಬೇಡ, ದಪ್ಪ ರಕ್ಷಣೆಯ ಪದರವಿರುವ 40ರ ಡಾಂಬರು ಟೈರು ಹಾಕಿ 40 ಪಿಎಸ್‌ಐ ಇಟ್ಟುಕೊಂಡರೆ ಒಣ ಏರಿಯ ಮುಕ್ಕಾಲು ಭಾಗ ನಡೆದುಹೋಗುತ್ತದೆ.

ಕೊಳ್ಳುವಾಗ ಪಕ್ಕದ ಅಚ್ಚು ಓದಿ. ಹಳೆಯ ಸಾಲಿನದರಲ್ಲಿ ಟ್ಯೂಬ್‌ಲೆಸ್ಸಿಗೆ ಟಿಎಲ್‌ಸಿ ಎಂದಿರುತ್ತದೆ, 2024ರ ನಂತರದ ಹೊಸ ಸಾಲಿನದರಲ್ಲಿ ಟಿಎಲ್‌ಆರ್. ರಿಮ್ ಹುಕ್‌ಲೆಸ್ ಆಗಿದ್ದರೆ ಹಳೆಯ ಸ್ಟಾಕು ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ, ರಿಮ್ ಕಂಪನಿಯ ಪಟ್ಟಿಯಲ್ಲಿ ಆ ಟೈರು ಇದೆಯೇ ಎಂದು ಮೊದಲು ನೋಡಿ. 43 ಸಿಗದೆ 40 ಅಥವಾ 45 ಸಿಕ್ಕರೂ ಇಲ್ಲಿ ಹೇಳಿದ್ದೆಲ್ಲ ಹೊಂದುತ್ತದೆ, 40ಕ್ಕೆ 2 ಪಿಎಸ್‌ಐ ಹೆಚ್ಚು, 45ಕ್ಕೆ 1 ಕಡಿಮೆ. ಪಕ್ಕ ಕಪ್ಪು ಮತ್ತು ಕಂದು ಎರಡೂ ಬರುತ್ತವೆ. ಕಂದು ಚೆಂದ, ಮಂಡ್ಯದ ಕೆಮ್ಮಣ್ಣು ಹತ್ತಿದ ಮೇಲೆ ಎರಡೂ ಒಂದೇ ಬಣ್ಣ.